ಮಿಸ್‌ಗೆ ನನ್ನ ಮೇಲೆ ಕೋಪ

ಮೂರನೇ ಕ್ಲಾಸು ಎ ಸೆಕ್ಷನ್ನಿನ ಮಿಸ್ ಹತ್ತಿರ ಒಂದು ರಬ್ಬರ್ ಕಪ್ಪೆ ಇತ್ತು. ಹಸಿರು ಬಣ್ಣದ್ದು, ಹೊಟ್ಟೆ ಅಮುಕಿದರೆ ಕೀಂ ಅನ್ನುತ್ತಿತ್ತು. ಇಂಗ್ಲಿಷಿನ ಇನ್, ಆನ್, ಅಂಡರ್‌ಗಳನ್ನು ಮಕ್ಕಳ ತಲೆಗೆ ಇಳಿಸುವ ಜವಾಬ್ದಾರಿಯನ್ನು ಅವಳು ಆ ಕಪ್ಪೆಗೇ ವಹಿಸಿದ್ದಳು. ಕಪ್ಪೆ ಬಕೆಟ್ಟಿನೊಳಗೆ ಕೂತರೆ ಇನ್, ಬೀರು ಏರಿದರೆ ಆನ್, ಕುರ್ಚಿಯಡಿ ಸೇರಿದರೆ ಅಂಡರ್. ಒಂದು ಸಲ ಅದನ್ನು ಹಾಜರಿ ಪುಸ್ತಕದ ಕೆಳಗೆ ಮರೆತುಬಿಟ್ಟಿದ್ದಳು. ಪುಸ್ತಕ ಒಯ್ಯಲು ಬಂದ ಆಯಾ ಅದರ ಮೇಲೆ ಕೈಯಿಟ್ಟು ಕಿರುಚಿದ ಕಿರುಚಿಗೆ ಮೇಲಿನ ಮಹಡಿಯ ಏಳನೇ ಕ್ಲಾಸು ಎದ್ದು ನಿಂತಿತು. ಆಮೇಲೆ ಸುಮಾರು ದಿನ ಆಯಾ ಈ ಮಿಸ್ಸನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಕಪ್ಪೆ ಪಾಪ ತನ್ನ ಕೆಲಸ ಮಾಡುತ್ತಿತ್ತು, ಕಷ್ಟವೆಲ್ಲ ಭಾಷೆಯದು. ನಮ್ಮ ಮಕ್ಕಳನ್ನು ಹುಟ್ಟಿದಾಗಿನಿಂದ ಒಂದೇ ಒಂದು 'ಅಲ್ಲಿ' ಕೊಟ್ಟು ಬೆಳೆಸಿರುತ್ತೇವೆ. ಡಬ್ಬಿಯಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ, ಬಸ್ಸಿನಲ್ಲಿ, ಎಲ್ಲಿಗೆ ಹೋದರೂ ಕಾಲಿಗೆ ಅದೇ ಚಪ್ಪಲಿ. ಇಂಗ್ಲಿಷಿನಲ್ಲಿ ಡಬ್ಬಿಗೊಂದು, ಗೋಡೆಗೊಂದು, ಬಾಗಿಲಿಗೆ ಮತ್ತೊಂದು. ಅದಾದರೂ ಹೋಗಲಿ ಎಂದರೆ, ನಮ್ಮಲ್ಲಿ ಪದದ ಹಿಂದೆ ಬಾಲದಂತೆ ತೆಪ್ಪಗೆ ಬರುವುದು ಇಂಗ್ಲಿಷಿನಲ್ಲಿ ಜಂಬದಿಂದ ಮುಂದೆ ನಡೆಯುತ್ತದೆ. ಇದನ್ನು ವ್ಯಾಕರಣ ಹೇಳಿ ವಿವರಿಸಿ ಗಂಟಲು ಒಣಗಿದ ಮೇಲೆ ಮಿಸ್ ಸುಲಭದ ದಾರಿ ಹಿಡಿದಿದ್ದಳು. "ಬಾಲ ಕೀಳಿ, ಮೂಗಿಗೆ ಅಂಟಿಸಿ!" ಎಂದು ಅವಳು ಕೂಗಿದರೆ ಇಡೀ ಕ್ಲಾಸು ಬೆನ್ನ ಹಿಂದೆ ಕೈಹಾಕಿ, ಇಲ್ಲದ ಬಾಲ ಕಿತ್ತು, ಮೂಗಿಗೆ ಒತ್ತಿಕೊಂಡು, "ಇನ್ ದ ಬಕೆಟ್!" ಎನ್ನುತ್ತಿತ್ತು.

ಗೋಡೆಯಾಚೆಗಿನ ಬಿ ಸೆಕ್ಷನ್ನಿನಲ್ಲಿ ಇದೇ ಪಾಠ ಹಾಡಾಗಿ ನಡೆಯುತ್ತಿತ್ತು. ಅಲ್ಲಿನ ಮೇಷ್ಟ್ರಿಗೆ ಹಾಡಿನ ಸರ್ ಎಂದೇ ಹೆಸರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಇನ್, ಆನ್, ಅಂಡರ್‌ಗೆ ಒಂದು ರಾಗ ಕಟ್ಟಿ, ಮಕ್ಕಳಿಂದ ಡೆಸ್ಕು ಬಡಿಸಿ, ಅವರು ಹಾಡತೊಡಗಿದರೆ ಈಚೆಯ ಎ ಸೆಕ್ಷನ್ನಿನ ಕಾಲುಗಳೂ ಬೆಂಚಿನಡಿ ತಾಳ ಹಾಕುತ್ತಿದ್ದವು. ಮಿಸ್‌ಗೆ ಇದರಿಂದ ಹೊಟ್ಟೆಕಿಚ್ಚೇನೂ ಇರಲಿಲ್ಲ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ.

ಆ ತಾಳ ಹಾಕುವ ಕಾಲುಗಳಲ್ಲಿ ಒಂದು ಜೊತೆ ಮಿಸ್‌ಳ ಸ್ವಂತ ಮಗಳದು. ಮನೆಯಲ್ಲಿ ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಬಾಯಿ ಬಿಡುವ ಹುಡುಗಿ. ವರ್ಷದ ಮೊದಲಲ್ಲಿ ಬಿ ಸೆಕ್ಷನ್ ತುಂಬಿ ಹೋಗಿ, ಅವಳು ಅಮ್ಮನ ಕ್ಲಾಸಿಗೇ ಬಂದು ಬಿದ್ದಿದ್ದಳು. ಅದೇ ದಿನ ಸಂಜೆ ಗೇಟಿನ ಹತ್ತಿರ ಮಕ್ಕಳನ್ನು ಕರೆದೊಯ್ಯಲು ನಿಂತಿದ್ದ ತಾಯಂದಿರಲ್ಲಿ ಒಬ್ಬಾಕೆ, "ಅಮ್ಮನೇ ಮಿಸ್ ಅಂದ್ಮೇಲೆ ಫಸ್ಟ್ ಯಾರು ಬರ್ತಾರೆ ಅಂತ ಬೇರೆ ಕೇಳ್ಬೇಕಾ?" ಎಂದು ಮಿಸ್ ಕಿವಿಗೆ ಬೀಳುವ ಹಾಗೇ ಅಂದಿದ್ದಳು.

ಆ ಮಾತು ಮಿಸ್‌ಗೆ ಮುಳ್ಳು ಚುಚ್ಚಿದ ಹಾಗಾಯಿತು. ಯಾರೂ ಬೊಟ್ಟು ಮಾಡಬಾರದು ಎಂದು ಅವಳು ಅಂದೇ ಕಾನೂನು ಬರೆದಳು. ಶಾಲೆಯಲ್ಲಿ ಅಮ್ಮ ಎನ್ನುವಂತಿಲ್ಲ, ಮಿಸ್ ಎನ್ನಬೇಕು, ನೀವು ಎನ್ನಬೇಕು. ಶಾಲೆಯ ಮಾತು ಮನೆಗೆ ತರುವಂತಿಲ್ಲ, ಮನೆಯ ಮಾತು ಶಾಲೆಗೆ ಒಯ್ಯುವಂತಿಲ್ಲ. ಬಾಯಲ್ಲಿ ಹೇಳದ ಇನ್ನೊಂದು ಕಾನೂನೂ ಇತ್ತು. ಪಟಾಕಿ ಕೈ ಎತ್ತಿದಾಗಲೆಲ್ಲ ಮಿಸ್‌ಳ ಕಣ್ಣು ಕಿಟಕಿಯ ಕಡೆಗೋ ಕೊನೆಯ ಬೆಂಚಿನ ಕಡೆಗೋ ಹೋಗಿಬಿಡುತ್ತಿತ್ತು. ಕ್ಲಾಸಿನ ಪ್ರತಿಯೊಂದು ಮಗುವೂ ಕಪ್ಪೆಯನ್ನು ಎಲ್ಲಾದರೂ ಕೂರಿಸಿ ವಾಕ್ಯ ಹೇಳಿದ್ದಾಗಿತ್ತು. ಪಟಾಕಿಯ ಕೈಗೆ ಮಾತ್ರ ಅದು ಬಂದೇ ಇರಲಿಲ್ಲ. ಇದನ್ನು ಮಿಸ್ ನ್ಯಾಯ ಎಂದುಕೊಂಡಿದ್ದಳು. ದೊಡ್ಡವರ ತಲೆಗೆ ಒಂದೊಂದು ಸಲ ಎಂಥೆಂಥ ಘನಂದಾರಿ ನ್ಯಾಯಗಳು ಹೊಳೆಯುತ್ತವೆ ನೋಡಿ.

ಒಂದು ಮಧ್ಯಾಹ್ನ ಹೆಡ್‌ಮಿಸ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಬೋಳು ಗೋಡೆ, ಕಿಟಕಿಯಲ್ಲಿ ಒಂದು ಕುಂಡ, ಮೇಜಿನ ಮೇಲೆ ಆರಿದ ಚಹಾ.

"ಕೂತ್ಕೊಳ್ಳಿ. ನಿಮ್ಮ ಮಗಳು ಬಂದಿದ್ಲು."

"ಏನು ಮಾಡಿದ್ಲು ಮೇಡಂ?" ಮಿಸ್ ಕುರ್ಚಿಯ ಅಂಚಿಗೆ ಕೂತಳು.

"ಏನೂ ಮಾಡ್ಲಿಲ್ಲ. ಬಾಗಿಲು ತಟ್ಟಿ, ಒಳಗೆ ಬರ್ಲಾ ಅಂತ ಕೇಳಿ, ಈಗ ನೀವು ಕೂತಿರೋ ಕುರ್ಚೀಲೇ ಕೂತ್ಲು. ಕಾಲು ನೆಲಕ್ಕೆ ಎಟಕ್ತಾ ಇರ್ಲಿಲ್ಲ. 'ಬಿ ಸೆಕ್ಷನ್ನಲ್ಲಿ ಒಬ್ಬ ಹುಡುಗ ಬಿಟ್ಟು ಹೋದ್ನಂತೆ, ಆ ಜಾಗ ನಂಗೆ ಕೊಡಿ' ಅಂದ್ಲು." ಹೆಡ್‌ಮಿಸ್ ನಗು ತಡೆಯಲು ಚಹಾದ ಲೋಟ ಎತ್ತಿ, ಆರಿದೆಯೆಂದು ನೆನಪಾಗಿ ಕೆಳಗಿಟ್ಟರು. "ಯಾಕಮ್ಮಾ ಅಂತ ಕೇಳ್ದೆ. 'ಮಿಸ್‌ಗೆ ನನ್ನ ಮೇಲೆ ಕೋಪ' ಅಂದ್ಲು. ಮುಗೀತು. ಇನ್ನೊಂದು ಮಾತಿಲ್ಲ."

ಮಿಸ್‌ಳ ಕಣ್ಣು ಕಿಟಕಿಯ ಕುಂಡದ ಕಡೆಗೆ ಹೋಯಿತು.

"ನನಗೇನೂ ಅಭ್ಯಂತರ ಇಲ್ಲ," ಎಂದರು ಹೆಡ್‌ಮಿಸ್. "ತಾಯಿ ಮಗಳು ಮಾತಾಡ್ಕೊಂಡು ಶುಕ್ರವಾರ ಇಬ್ರೂ ಬನ್ನಿ. ಅಲ್ಲೀವರೆಗೂ ಆ ಜಾಗ ಹಾಗೇ ಇರುತ್ತೆ."

ಮಾತಾಡಿಕೊಳ್ಳುವುದು ಹೇಳಿದಷ್ಟು ಸುಲಭವಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಮಿಸ್, ಈಗ ಮನೆಯಲ್ಲಿದ್ದುದರಿಂದ ಅಮ್ಮ, ಗಂಟಲು ಸರಿಮಾಡಿಕೊಂಡು ಕೇಳಿದಳು. "ಹೆಡ್‌ಮಿಸ್ ಹತ್ರ ಯಾಕೆ ಹೋಗಿದ್ದೆ ಪುಟ್ಟಾ?"

ಪಟಾಕಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸ್ಕೂಲ್ ಮಾತು ಮನೇಲಿ ಆಡ್ಬಾರ್ದು ಅಂತ ನೀನೇ ರೂಲ್ ಮಾಡಿದ್ದು."

"ಇವತ್ತೊಂದಿನ ಆಡು, ಪರ್ವಾಗಿಲ್ಲ."

"ಈಗ ಕೇಳ್ತಿರೋದು ಅಮ್ಮನಾ, ಮಿಸ್ಸಾ?"

"ಅಮ್ಮ."

"ಅಮ್ಮಂಗೆ ಯಾಕೆ? ಅದು ಮಿಸ್ ವಿಷಯ. ಮಿಸ್ ಕೇಳಿದ್ರೆ ಸ್ಕೂಲಲ್ಲಿ ಹೇಳ್ತೀನಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮೊಮ್ಮಗಳು ಯಾರ ಸಹಾಯವೂ ಇಲ್ಲದೆ ಕಚೇರಿಗೆ ಹೋಗಿ ಜಾಗ ಕೇಳಿಕೊಂಡು ಬಂದದ್ದು ಅವರಿಗೆ ಬೆನ್ನು ತಟ್ಟುವಂಥ ಸಂಗತಿಯಾಗಿ ಕಂಡಿತ್ತು. "ನನ್ನ ಮೊಮ್ಮಗಳು ಕಣೇ. ನನಗೆ ಈ ವಯಸ್ಸಿಗೂ ಆಫೀಸು ಅಂದ್ರೆ ಕೈಕಾಲು ನಡುಗುತ್ತೆ."

"ಅತ್ತೆ, ನೀವು ಸುಮ್ನಿರಿ."

"ನಾನು ಸುಮ್ನೇ ಇದೀನಿ. ನಿನ್ನ ರೂಲು ಮಾತಾಡ್ತಾ ಇದೆ."

ಕನ್ನಡಕದ ಅಂಗಡಿ ನಡೆಸುತ್ತಿದ್ದ ಗಂಡ ಈ ಮನೆಯಲ್ಲಿ ಯಾರ ಪರ ಮಾತಾಡಿದರೂ ಕೊನೆಗೆ ಪೆಟ್ಟು ತಿನ್ನುವವನು ತಾನೇ ಎಂದು ಬಹಳ ಹಿಂದೆಯೇ ಕಲಿತಿದ್ದ. ಆದರೂ ಪಾತ್ರೆ ಎತ್ತಿಡುವಾಗ ಹೆಂಡತಿಯ ಪಕ್ಕ ನಿಂತು ಮೆಲ್ಲಗೆ ಕೇಳಿದ. "ಕೋಪ ಇದ್ಯೇನೇ ನಿಜವಾಗ್ಲೂ?"

"ಯಾರಿಗೆ ರೀ? ನನಗಾ? ಅವಳ ಮೇಲಾ? ನಿಮಗೇನು ತಲೆ ಕೆಟ್ಟಿದ್ಯಾ?"

"ಇಲ್ಲ ಅಂತ ಅವಳಿಗೆ ಗೊತ್ತಾ?" ಎಂದು ಕೇಳಿ ಅವನು ಜಾಗ ಖಾಲಿ ಮಾಡಿದ.

ತಾಯಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಗಳು ಬೇರೆ ಕ್ಲಾಸಿಗೆ ಹೋಗುವುದು ದೊಡ್ಡ ವಿಷಯವೇನಲ್ಲ, ನಡುವೆ ಇರುವುದು ಒಂದು ಗೋಡೆ. ಆದರೆ ತನ್ನ ಕ್ಲಾಸಿನ ಮಗುವೊಂದು ತನ್ನಿಂದ ತಪ್ಪಿಸಿಕೊಳ್ಳಲು ಬಾಗಿಲು ತಟ್ಟಿದೆ, ಆ ಮಗು ತಾನೇ ಹೆತ್ತದ್ದು ಎಂಬುದು ಅವಳನ್ನು ಹಿಂಡುತ್ತಿತ್ತು. ಹೇಗಾದರೂ ಮಾಡಿ ಶುಕ್ರವಾರದೊಳಗೆ ಮಗಳನ್ನು ತನ್ನ ಕ್ಲಾಸಿನಲ್ಲೇ ಉಳಿಸಿಕೊಳ್ಳಬೇಕು ಎಂದು ಅವಳು ಹಟ ಹಿಡಿದಳು.

ಮರುದಿನ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮಿಸ್ ಕಪ್ಪೆಯನ್ನು ಮೇಜಿನ ಮೇಲೆ ಇಟ್ಟು, ಇವತ್ತು ಎಲ್ಲರೂ 'ಆನ್' ಹಾಕಿ ತಮ್ಮದೇ ವಾಕ್ಯ ಹೇಳಬೇಕು ಎಂದಳು. ಶುರುವಿಗೆ ಎಲ್ಲ ಸಲೀಸಾಗಿ ನಡೆಯಿತು. ಕಪ್ಪೆ ಆನ್ ದ ಟೇಬಲ್, ಪುಸ್ತಕ ಆನ್ ದ ಬೆಂಚ್, ನೊಣ ಆನ್ ದ ಮೂಗು. ಆಮೇಲೆ ಎರಡನೇ ಬೆಂಚಿನ ಹುಡುಗ ಎದ್ದ. ಯಾವ ಮಾತಿಗೂ 'ಯಾಕ್ ಮಿಸ್?' ಎಂದು ಕೇಳಿ ಕೇಳಿ ಅವನಿಗೆ ಯಾಕಪ್ಪ ಎಂಬ ಹೆಸರೇ ಬಿದ್ದಿತ್ತು.

"ಐ ಪ್ಲೇ ಆನ್ ಲಂಚ್," ಎಂದ ಯಾಕಪ್ಪ.

"ಊಟದ ಮೇಲೆ ಕುಣೀತೀಯೇನೋ?"

"ಅಲ್ಲ ಮಿಸ್, ಊಟ ಆದ್ ಮೇಲೆ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅದಕ್ಕೆ ಆಫ್ಟರ್ ಎನ್ನಬೇಕು ಎಂದರೆ "ಯಾಕ್ ಮಿಸ್? ಮೇಲೆ ಅಂದ್ರೆ ಆನ್ ಅಂತ ನೀವೇ ಹೇಳಿದ್ರಿ" ಎಂದು ಅವನು ವಾದಕ್ಕೆ ಇಳಿದ. ಆ ಗಲಾಟೆಯ ನಡುವೆಯೇ ಮೂರನೇ ಬೆಂಚಿನಲ್ಲಿ ಒಂದು ಕೈ ಮೇಲಕ್ಕೆ ಹೋಯಿತು. ಮಿಸ್‌ಳ ಕಣ್ಣು ಅಭ್ಯಾಸಬಲದಿಂದ ಕಿಟಕಿಯ ಕಡೆಗೆ ಹೊರಟಿತ್ತು. ಅವಳು ಅದನ್ನು ಅರ್ಧ ದಾರಿಯಲ್ಲೇ ಹಿಡಿದು ನಿಲ್ಲಿಸಿದಳು.

"ನೀನು ಹೇಳು," ಎಂದಳು ಮಗಳಿಗೆ.

ಪಟಾಕಿ ನಿಧಾನವಾಗಿ ಎದ್ದಳು. ಬೆನ್ನ ಹಿಂದೆ ಕೈಹಾಕಿ ಬಾಲ ಕಿತ್ತು ಮೂಗಿಗೆ ಅಂಟಿಸಿದಳು. "ಮಿಸ್ ಈಸ್ ಆಂಗ್ರಿ ಆನ್ ಮಿ," ಎಂದಳು.

ನಗುತ್ತಿದ್ದ ಕ್ಲಾಸು ತಿರುಗಿ ಮಿಸ್ ಮುಖ ನೋಡಿತು. ಗೋಡೆಯಾಚೆ ಹಾಡಿನ ಸರ್ ಅದೇ ಹೊತ್ತಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರು. ಮಿಸ್ ಏನೇನೋ ಹೇಳಬಹುದಿತ್ತು. ಆದರೆ ಅಷ್ಟು ವರ್ಷ ಮೇಷ್ಟ್ರುಗಿರಿ ಮಾಡಿದವರ ನಾಲಿಗೆ ಯಜಮಾನಿಯ ಅಪ್ಪಣೆಗೆ ಕಾಯುವುದಿಲ್ಲ.

"ಆನ್ ಮಿ ಅಲ್ಲ, ವಿತ್ ಮಿ," ಎಂದುಬಿಟ್ಟಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಯಾಕ್ ಮಿಸ್?" ಯಾಕಪ್ಪ ಇನ್ನೂ ನಿಂತೇ ಇದ್ದ. "ವಿತ್ ಅಂದ್ರೆ ಜೊತೆ ಅಂತ ನಿನ್ನೆ ಹೇಳಿದ್ರಲ್ಲ? ಐ ಗೋ ವಿತ್ ಮೈ ಅಣ್ಣ."

"ಹೌದು, ಅದೇ ವಿತ್ತು."

"ಹಾಗಾದ್ರೆ ಜೊತೇಲಿ ಕೋಪ ಮಾಡ್ಕೊಳ್ಳೋದಾ? ಇಬ್ರೂ ಸೇರ್ಕೊಂಡಾ?"

"ಇಂಗ್ಲಿಷಲ್ಲಿ ಹಾಗೇ ಹೇಳೋದು," ಎಂದಳು ಮಿಸ್. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಕೊಡುವ ಉತ್ತರ ಇದು. ಯಾಕಪ್ಪನಿಗೆ ಅದು ಸಾಲಲಿಲ್ಲ. ಅವನು ಸೀದಾ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡ. ಎಡಗಡೆ ಒಂದು ಪುಟ್ಟ ಹುಡುಗಿಯನ್ನು ಬರೆದು, ಅವಳ ತಲೆಯ ಮೇಲೆ ಕೋಪದಿಂದ ಹುಬ್ಬು ಗಂಟಿಕ್ಕಿದ ದೊಡ್ಡ ಮಿಸ್ಸನ್ನು ಕೂರಿಸಿದ. ಬಲಗಡೆ ಅದೇ ಹುಡುಗಿ, ಅದೇ ಮಿಸ್, ಅಕ್ಕಪಕ್ಕ ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡು ಇಬ್ಬರೂ ಬೇರೆ ಯಾರನ್ನೋ ಗುರಾಯಿಸುತ್ತಿದ್ದರು. "ಇದು ಆನ್, ಇದು ವಿತ್," ಎಂದು ಕೈ ಒರೆಸಿಕೊಂಡ.

ಪಟಾಕಿ ಎರಡೂ ಚಿತ್ರಗಳನ್ನು ತುಂಬ ಹೊತ್ತು ನೋಡಿದಳು. "ವಿತ್ ಚೆನ್ನಾಗಿದೆ ಮಿಸ್. ತಲೆ ಮೇಲೆ ಭಾರ ಇರಲ್ಲ. ಆದ್ರೆ ನೀವು ಹಾಗೆ ನನ್ನ ಪಕ್ಕ ನಿಲ್ಲೋದೇ ಇಲ್ಲ. ಅದಕ್ಕೇ ಆನ್ ಅಂದೆ. ನನ್ನದೇ ಸರಿ."

ಮಿಸ್‌ಗೆ ಕಣ್ಣು ತುಂಬಿ ಬಂತು. ಅಷ್ಟು ಮಕ್ಕಳ ಮುಂದೆ ಅಳುವುದು ಹೇಗೆ? ಅವಳು ಮೇಜಿನ ಅಂಚಿಗೆ ಒರಗಿ ನಿಂತಳು.

"ಮಿಸ್‌ಗೆ ಕೋಪ ಇಲ್ಲ," ಎಂದಳು. "ಮಿಸ್‌ಗೆ ಭಯ. ನೀನು ಕೈ ಎತ್ತಿದಾಗೆಲ್ಲ ಭಯ ಆಗ್ತಿತ್ತು. ನಿನಗೆ ಚಾನ್ಸ್ ಕೊಟ್ರೆ, ತನ್ನ ಮಗಳಿಗೇ ಜಾಸ್ತಿ ಕೊಡ್ತಾರೆ ಅಂತ ಇವರೆಲ್ಲ ಅಂದ್ಕೊಳ್ತಾರೆ ಅಂತ."

"ಅಯ್ಯೋ, ನಾವು ಹಾಗೆ ಅಂದ್ಕೊಂಡಿಲ್ಲ ಮಿಸ್," ಎಂದಿತು ಮುಂದಿನ ಬೆಂಚು ಒಕ್ಕೊರಲಿನಿಂದ. "ನೀವು ಅವಳಿಗೆ ಕೊಡೋದೇ ಇಲ್ಲ, ಪಾಪ ಅಂತ ಅಂದ್ಕೊಂಡಿದ್ವಿ."

"ನಮ್ಮಮ್ಮಾನೂ ಗೇಟ್ ಹತ್ರ ಹಾಗೇ ಅಂತಿದ್ರು," ಎಂದು ಸೇರಿಸಿದ ಯಾಕಪ್ಪ. "ಸ್ವಂತ ಮಗಳ ಮೇಲೆ ಯಾಕೆ ಈ ಪಾಟಿ ಕೋಪ ಅಂತ."

ಇಷ್ಟು ದಿನ ಗೇಟಿನವರ ಬಾಯಿ ಮುಚ್ಚಿಸಲು ಅವಳು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮವಾಗಿತ್ತು. ಮಿಸ್‌ಗೆ ನಗು ಬಂತು, ನಗುವಿನ ಹಿಂದೆಯೇ ನಾಚಿಕೆಯೂ ಬಂತು. ಅವಳು ಕಪ್ಪೆಯನ್ನು ಎತ್ತಿ ಮೂರನೇ ಬೆಂಚಿನವರೆಗೂ ತಾನೇ ನಡೆದು ಹೋಗಿ ಮಗಳ ಕೈಗೆ ಕೊಟ್ಟಳು. ಪಟಾಕಿ ಅದನ್ನು ಎಲ್ಲಿ ಕೂರಿಸಲಿ ಎಂದು ಸುತ್ತ ನೋಡಿ, ಕೊನೆಗೆ ಮಿಸ್ ಮತ್ತು ತನ್ನ ನಡುವೆ ಬೆಂಚಿನ ಮೇಲೆ ಇಟ್ಟು, ಹೊಟ್ಟೆ ಅಮುಕಿ ಕೀಂ ಅನ್ನಿಸಿ, "ಬಿಟ್ವೀನ್!" ಎಂದು ಕೂಗಿದಳು. ಬಿಟ್ವೀನ್ ಇನ್ನೂ ಪಾಠವೇ ಆಗಿರಲಿಲ್ಲ. ಅದು ಗೋಡೆಯಾಚೆಯ ಹಾಡಿನಿಂದ ಬಂದದ್ದು. ಮಿಸ್ ಅದನ್ನೂ ಆ ಹೊತ್ತಿಗೆ ನುಂಗಿಕೊಂಡಳು.

ಅಂದು ಸಂಜೆ ಅವಳು ಗುನುಗುತ್ತಾ ಅಡಿಗೆ ಮಾಡಿದಳು. ಗಂಡ ಬಾಗಿಲಲ್ಲೇ ನಿಂತು ಒಂದು ಕ್ಷಣ ಕೇಳಿ, ಇನ್ನು ಒಳಗೆ ಬಂದರೆ ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು ಚಪ್ಪಲಿ ಬಿಟ್ಟ. ಎಲ್ಲ ಸರಿಹೋಯಿತು, ಇನ್ನು ಪಟಾಕಿ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳು ಅತ್ತೆಗೆ ಹೇಳಿಯೂ ಬಿಟ್ಟಳು.

ಶುಕ್ರವಾರ ತಾಯಿ ಮಗಳು ಹೆಡ್‌ಮಿಸ್ ಎದುರು ಕೂತರು. ಈ ಸಲವೂ ಪಟಾಕಿಯ ಕಾಲು ನೆಲಕ್ಕೆ ಎಟಕಲಿಲ್ಲ.

"ಏನಮ್ಮಾ, ಏನು ತೀರ್ಮಾನ?" ಎಂದರು ಹೆಡ್‌ಮಿಸ್. "ಮಿಸ್‌ಗೆ ಇನ್ನೂ ಕೋಪ ಇದ್ಯಾ?"

"ಇಲ್ಲ ಮೇಡಂ. ಮಿಸ್ ಈಗ ತುಂಬ ಒಳ್ಳೆಯವರು. ಕಪ್ಪೆ ಕೊಟ್ರು."

ಮಿಸ್ ಬೀಗಿದಳು.

"ಆದ್ರೆ ನಾನು ಬಿ ಸೆಕ್ಷನ್ನಿಗೇ ಹೋಗ್ತೀನಿ," ಎಂದಳು ಪಟಾಕಿ.

ಮಿಸ್‌ಳ ಮುಖ ಸಪ್ಪಗಾಯಿತು. "ಯಾಕೆ? ಇನ್ನೇನಾಯ್ತು? ಹಾಡು ಬೇಕಾ ನಿಂಗೆ? ನಾನೂ ಹಾಡಿಸ್ತೀನಿ ಬೇಕಾದ್ರೆ."

"ಹಾಡು ಅಲ್ಲ." ಪಟಾಕಿ ಕುರ್ಚಿಯ ಅಂಚನ್ನು ಉಗುರಿನಿಂದ ಕೆರೆದಳು. ಮಿಸ್ ಕಡೆಗೂ ನೋಡಲಿಲ್ಲ, ಹೆಡ್‌ಮಿಸ್ ಕಡೆಗೂ ನೋಡಲಿಲ್ಲ. "ಕ್ಲಾಸಲ್ಲಿ ಎಲ್ರೂ ಮಿಸ್ ಬೈದ್ರೆ ಮನೆಗೆ ಹೋಗಿ ಅಮ್ಮಂಗೆ ಹೇಳ್ತಾರೆ. ಅಮ್ಮ ಮಿಸ್‌ಗೆ ಬೈತಾರೆ. ಆಮೇಲೆ ಸರಿ ಹೋಗುತ್ತೆ. ನಂಗೆ ಮಿಸ್ ಬೈದ್ರೆ ಯಾರಿಗೆ ಹೇಳ್ಲಿ? ನೀವು..." ಅವಳು ತಡವರಿಸಿ, ಕಾನೂನು ಮರೆತು, ತಾಯಿಯ ಕಡೆ ತಿರುಗಿದಳು. "ನೀನೇ ಮಿಸ್ ಆಗಿಬಿಟ್ರೆ ನಂಗೆ ಅಮ್ಮ ಇಲ್ಲ ಅಲ್ವಾ?"

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸತೊಡಗಿದರು. ಮಿಸ್‌ಗೆ ಬಂದ ಅಳುವನ್ನು ಈ ಸಲ ತಡೆಯಲು ಆಗಲಿಲ್ಲ. ಇಷ್ಟು ತಿಂಗಳು ಮಗಳನ್ನು ಕ್ಲಾಸಿನಲ್ಲಿ ಎಲ್ಲರ ಹಾಗೆ ನೋಡಬೇಕೆಂದು ಒದ್ದಾಡಿದ್ದಳು. ಎಲ್ಲರಿಗೂ ಇರುವುದೊಂದು ಅವಳಿಗೆ ಇಲ್ಲ ಎಂಬುದು ಹೊಳೆದೇ ಇರಲಿಲ್ಲ. ಉಳಿಸಿಕೊಳ್ಳಬೇಕೆಂಬ ಹಟ ಅಲ್ಲೇ ಇಳಿದು ಹೋಯಿತು. ನೋವು ಮಾತ್ರ ಉಳಿಯಿತು, ಆದರೆ ಆ ನೋವಿನಲ್ಲಿ ಸಿಟ್ಟಿರಲಿಲ್ಲ.

"ಬಿ ಸೆಕ್ಷನ್ನಿಗೇ ಹಾಕಿ ಮೇಡಂ," ಎಂದಳು.

ಸೋಮವಾರದಿಂದ ಪಟಾಕಿ ಗೋಡೆಯಾಚೆ ಕೂತಳು. ಮಿಸ್ ದಿನವಿಡೀ ಪಾಠ ಮಾಡುತ್ತಾ ಮಾಡುತ್ತಾ ಆ ಗೋಡೆಗೆ ಒಂದು ಕಿವಿ ಕೊಟ್ಟೇ ಇದ್ದಳು. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಉಳಿದ ತಾಯಂದಿರ ಸಾಲಿನಲ್ಲಿ, ಅವರ ಹಾಗೆಯೇ ಕತ್ತು ಉದ್ದ ಮಾಡಿಕೊಂಡು, ಮೊದಲ ಸಲ ನಿಂತಳು. ಸ್ವಲ್ಪ ಹೊತ್ತಿಗೆ ಪಟಾಕಿ ಬಂದಳು. ಮುಖ ಊದಿಕೊಂಡಿತ್ತು.

"ಅಮ್ಮಾ, ಗೊತ್ತಾ ಏನಾಯ್ತು ಅಂತ?"

"ಏನಾಯ್ತೇ?"

"ನಮ್ಮ ಸರ್ ಇವತ್ತು ನಂಗೆ ಬೈದ್ರು. ಎಲ್ರ ಮುಂದೆ!"

"ಬೈದ್ರಾ? ಯಾಕಂತೆ?"

"ಅವ್ರು ಹಾಡೋವಾಗ ನಾನು ಮಧ್ಯ ಮಧ್ಯ ಮಾತಾಡ್ತೀನಂತೆ. ಒಂದು ನಿಮಿಷ ಬಾಯಿ ಮುಚ್ಕೊಂಡಿರು ಅಂದ್ರು."

ಹಾಡಿನ ಸರ್ ಮಾಡಿದ್ದು ನೂರಕ್ಕೆ ನೂರು ಸರಿ ಎಂದು ಅವಳೊಳಗಿನ ಮಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಅದೇ ಜಾಗದಲ್ಲಿ ತಾನಿದ್ದರೆ ಇನ್ನೂ ಮುಂಚೆ ಹೇಳುತ್ತಿದ್ದಳು. ಆದರೆ ಈಗ ಆ ಮಿಸ್ಸನ್ನು ಯಾರೂ ಕೇಳಿರಲಿಲ್ಲ. ಅವಳು ಮಗಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ನನ್ನ ಮಗಳಿಗೆ ಬಾಯಿ ಮುಚ್ಚು ಅನ್ನೋಕೆ ಅವರ್ಯಾರು?" ಎಂದಳು. "ತಾವು ಮಾತ್ರ ಇಡೀ ದಿನ ಊರೆಲ್ಲ ಕೇಳೋ ಹಾಗೆ ಕಿರುಚಬಹುದೇನು?"

ಪಟಾಕಿಯ ಮುಖ ಅರಳಿತು. "ಅಲ್ವಾ ಅಮ್ಮಾ? ಅದೂ ನಾನು ಸ್ವಲ್ಪಾನೇ ಮಾತಾಡಿದ್ದು!"

"ಮತ್ತೇನು! ಮಗು ಅಂದ್ಮೇಲೆ ಮಾತಾಡ್ದೆ ಇರುತ್ತಾ?"

ಬೀದಿಯುದ್ದಕ್ಕೂ ತಾಯಿ ಮಗಳು ಕೈಕೈ ಹಿಡಿದುಕೊಂಡು ಹಾಡಿನ ಸರ್‌ಗೆ ಬೈಯುತ್ತಾ ನಡೆದರು. ಔಷಧಿ ಅಂಗಡಿ ದಾಟುವ ಹೊತ್ತಿಗೆ ಅವರ ರಾಗ ಸರಿಯಿಲ್ಲ ಎಂದಾಯಿತು. ಮನೆಯ ತಿರುವು ಬರುವ ಹೊತ್ತಿಗೆ ಮೀಸೆಯೂ ಸರಿಯಿಲ್ಲ ಎಂದಾಯಿತು.